ದಂಡಕ್ಕೆ ಮೊದಲು ಮಾತು

ಜಿನಸೇನರ ಆದಿಪುರಾಣದಲ್ಲಿ ಕುಲಕರರ ಕಾಲದ ದಂಡನೀತಿ ಮೂರೇ ಮಾತುಗಳದು: 'ಹಾ', 'ಮಾ', 'ಧಿಕ್'. ಅಯ್ಯೋ ಎಂಬ ಮರುಕ, ಬೇಡವೆಂಬ ತಡೆ, ಛೀ ಎಂಬ ನಿಂದೆ. ಬಂಧನ, ದೇಹದಂಡನೆಗಳು ಬಂದುದು ಭರತನ ಕಾಲದಲ್ಲಿ. ತಪ್ಪಿ ನಡೆದ ಮಕ್ಕಳ ವಿಷಯದಲ್ಲಿ ನಮ್ಮ ಕಾನೂನು ದಂಡದಿಂದ ಮಾತಿನ ಕಡೆಗೆ ಮರಳಿ ನಡೆದಿದೆ.

ಕೋಲಾರ ಸೇರಿದ್ದ ಮೈಸೂರು ಸಂಸ್ಥಾನದಲ್ಲಿ 1943ರಲ್ಲಿ ಮಕ್ಕಳ ಅಧಿನಿಯಮ ಬಂದಿತು. ಏಕೀಕರಣದ ನಂತರ 1964ರ ಅಧಿನಿಯಮ ರಾಜ್ಯಕ್ಕೆಲ್ಲ ಒಂದೇ ಆಯಿತು. 1986ರ ಕೇಂದ್ರ ಕಾಯಿದೆ ಹುಡುಗರಿಗೆ 16, ಹುಡುಗಿಯರಿಗೆ 18 ವರ್ಷದ ಮಿತಿಯಿಟ್ಟಿತು. 2000ದ ಕಾಯಿದೆ ಇಬ್ಬರಿಗೂ 18 ಎಂದಿತು. 2015ರ ಕಾಯಿದೆ 16 ತುಂಬಿದವರ ಘೋರ ಅಪರಾಧಗಳಿಗೆ ಬೇರೆ ವಿಚಾರಣೆಯ ದಾರಿ ತೆರೆದರೂ, ಮಿಕ್ಕವರ ಮಟ್ಟಿಗೆ ಹೇಳಬಹುದಾದ ಆದೇಶಗಳಲ್ಲಿ ಬುದ್ಧಿಮಾತು ಹೇಳಿ ಮನೆಗೆ ಕಳುಹಿಸುವುದನ್ನೇ ಮೊದಲು ಎಣಿಸಿದೆ.

ಈ ಮಾತಿಗೆ ಬಲ ಬರುವುದು ಜಿಲ್ಲೆಯಲ್ಲಿ. ಬಾಲನ್ಯಾಯ ಮಂಡಳಿಯಲ್ಲಿ ನ್ಯಾಯಾಧೀಶರೊಡನೆ ಇಬ್ಬರು ಸಮಾಜ ಕಾರ್ಯಕರ್ತರಿರಬೇಕು. ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಪರಿವೀಕ್ಷಣಾಧಿಕಾರಿ ಮಗುವಿನ ಮನೆಯ ಸ್ಥಿತಿಗತಿ ವಿಚಾರಿಸಿ ವರದಿ ಕೊಡಬೇಕು. ಹಳೆಯ ತಪ್ಪು ಮುಂದಿನ ಬಾಳಿಗೆ ಅಡ್ಡಿಯಾಗಬಾರದೆಂದೂ ಕಾಯಿದೆ ವಿಧಿಸಿದೆ. ಆದರೆ ಮಾಲೂರಾಗಲಿ ಮುಳಬಾಗಿಲಾಗಲಿ, ಆ ಹುಡುಗನನ್ನು ಶಾಲೆಗೆ, ಕೆಲಸಕ್ಕೆ, ಪಂಕ್ತಿಗೆ ಮರಳಿ ಕರೆದುಕೊಳ್ಳಬೇಕಾದವರು ಊರಿನವರು. ಊರು 'ಧಿಕ್' ಎನ್ನುವುದನ್ನು ನಿಲ್ಲಿಸದಿದ್ದರೆ ಮಂಡಳಿ ಹೇಳಿದ 'ಮಾ' ವ್ಯರ್ಥವಾಗುತ್ತದೆ.