ಮರುಬಳಕೆಯ ಕಲ್ಲು: ಶಾಸನದಿಂದ ಜಲ್ಲಿಯವರೆಗೆ

ಮಧ್ಯಕಾಲೀನ ಕನ್ನಡ ಶಾಸನಗಳ ಪರಿಚಯವಿದ್ದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ನುಡಿ ಹೊಸದಲ್ಲ. ಬಸದಿಗೋ ದೇಗುಲಕ್ಕೋ ಭೂಮಿ ಬಿಡುವಾಗ ನಂದಾದೀವಿಗೆ, ನೈವೇದ್ಯಗಳೊಡನೆ, ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವ ವೆಚ್ಚವನ್ನು ದಾನಿಗಳು ಮೊದಲೇ ಕಾದಿರಿಸುತ್ತಿದ್ದರು. ದುರಸ್ತಿಗೆ ಮೀರಿದ ಕಟ್ಟಡದ ಗತಿಯೇನಾಗುತ್ತಿತ್ತು? ಉತ್ತರವನ್ನು ಶಾಸನಪಾಠದಲ್ಲಿ ಅರಸಬೇಕಿಲ್ಲ. ಶಾಸನಶಿಲೆ ದೊರೆತ ಸ್ಥಳವೇ ಹೇಳುತ್ತದೆ. ಕೆರೆಯ ತೂಬು, ಬಾವಿಯ ಮೆಟ್ಟಿಲು, ಕೋಟೆಯ ಗೋಡೆಗಳಲ್ಲಿ ಅವು ಸಿಕ್ಕಿವೆ. ಇದನ್ನು ಅಜ್ಞಾನದ ಕೃತ್ಯವೆಂದು ಹಳಿಯುವುದು ನಮ್ಮಂಥವರ ವಾಡಿಕೆ. ಆದರೆ ಗೋಡೆ ಸೇರಿದ ಕಲ್ಲು ಕಲ್ಲಾಗಿಯೇ ಉಳಿದುದರಿಂದ ಎಷ್ಟೋ ಪಾಠಗಳು ನಮ್ಮ ಕೈಸೇರಿದವು ಎಂಬುದನ್ನೂ ಒಪ್ಪಬೇಕು.

ನಾವು ನೆಲೆಸಿರುವ ದಿಲ್ಲಿಯಲ್ಲಿ ಇದೇ ಸಂಗತಿ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಕುತುಬ್ ಆವರಣದ ಮಸೀದಿಯ ಮೂಡಣ ಬಾಗಿಲಿನ ಶಾಸನವು 27 ದೇವಾಲಯಗಳ ಸಾಮಗ್ರಿಯನ್ನು ಬಳಸಿದುದಾಗಿ ತಾನೇ ಸಾರುತ್ತದೆ. ಅಲ್ಲಿ ಮರುಬಳಕೆಯು ವಿಜಯದ ಘೋಷಣೆಯೂ ಹೌದು. 16ನೆಯ ಶತಮಾನದಲ್ಲಿ ಸಿರಿ ಕೋಟೆಯ ಕಲ್ಲು ಶೇರ್‌ಶಹನ ಹೊಸ ಪಟ್ಟಣಕ್ಕೆ ಹೋಯಿತು. 18ನೆಯ ಶತಮಾನದಲ್ಲಿ ಸಫ್ದರ್‌ಜಂಗನ ಸಮಾಧಿಗಾಗಿ ಕವಿ ರಹೀಮನ ಸಮಾಧಿಯ ಅಮೃತಶಿಲೆಯನ್ನು ಕಿತ್ತರು. ಅಲ್ಲಿ ಧರ್ಮದ ಪ್ರಶ್ನೆಯಿರಲಿಲ್ಲ, ಹತ್ತಿರದಲ್ಲಿ ಸಿದ್ಧಶಿಲೆಯಿತ್ತು.

ಪುಡಿಮಾಡಿ ಬಳಸುವ ಕ್ರಮವೂ ಹಳೆಯದೇ. ಇಟ್ಟಿಗೆಯ ಪುಡಿಗೆ ‘ಸುರ್ಕಿ’ ಎಂಬ ಹೆಸರು ಬಂದುದು ಕೆಂಪು ಎಂಬರ್ಥದ ಪಾರಸಿ ಮಾತಿನಿಂದ. 1911ರಲ್ಲಿ ಆರಂಭವಾದ ಕನ್ನಂಬಾಡಿ ಅಣೆಕಟ್ಟಿನ ಕಲ್ಲುಗಳನ್ನು ಬೆಸೆದದ್ದು ಸುಣ್ಣ-ಸುರ್ಕಿಯ ಗಾರೆಯೇ. ಇನ್ನು ದಿಲ್ಲಿಯ ಗಾರೆಕೆಲಸದವರ ಬಾಯಲ್ಲಿ ದಪ್ಪ ಮರಳಿಗೆ ‘ಬದರ್‌ಪುರ್’ ಎಂದೇ ಹೆಸರು. ಅರಾವಳಿಯ ಗಣಿಯೂರೊಂದು ವಸ್ತುವಾಚಕವಾದ ಬಗೆ ಭಾಷಾಭ್ಯಾಸಿಗೆ ಕುತೂಹಲಕರ. ಆ ಮರಳನ್ನು ತೆಗೆದ ಭಾಟಿಯ ಗಣಿಗಳು ಮುಚ್ಚಿ ಈಗ ವನ್ಯಜೀವಿಧಾಮದೊಳಗೆ ಸೇರಿವೆ. ಹೆಸರು ಮಾತ್ರ ಉಳಿದಿದೆ.

ಬೆಟ್ಟ ಬರಿದಾಗಿ ಹೊಳೆ ಹಳ್ಳವಾದ ಮೇಲೆ ಕಾನೂನು ಎಚ್ಚತ್ತಿತು. ಮರಳುಗಣಿಗಾರಿಕೆಗೆ ಪರಿಸರದ ಅನುಮತಿ ಬೇಕೆಂದು ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ವಿಧಿಸಿತು. ಅದಕ್ಕೂ ಮುನ್ನ, 2009ರಲ್ಲೇ, ಕೆಡವಿದ ಕಟ್ಟಡಗಳ ಅವಶೇಷವನ್ನು ಅರೆಯುವ ಘಟಕ ದಿಲ್ಲಿಯ ಬುರಾಡಿಯಲ್ಲಿ ಆರಂಭವಾಗಿತ್ತು. 2016ರ ಭಾರತೀಯ ಮಾನಕವು ಹಳೆಯ ಕಾಂಕ್ರೀಟಿನಿಂದ ತೆಗೆದ ಜಲ್ಲಿಯನ್ನು ಸಾದಾ ಕಾಂಕ್ರೀಟಿನಲ್ಲಿ ಶೇ. 25, ಎಂ-25 ದರ್ಜೆಯವರೆಗಿನ ಕಬ್ಬಿಣದ ಕಾಂಕ್ರೀಟಿನಲ್ಲಿ ಶೇ. 20ರವರೆಗೆ ಒಪ್ಪಿತು. ಅಂಟಿಕೊಂಡ ಹಳೆಯ ಗಾರೆ ನೀರು ಹೀರುವುದರಿಂದ ಈ ಎಚ್ಚರ. ನದಿಯನ್ನು ಉಳಿಸುವ ಈ ಮಾರ್ಗವನ್ನು ನಾವು ಸ್ವಾಗತಿಸುತ್ತೇವೆ.

ಆತಂಕವಿರುವುದು ಬೇರೊಂದೆಡೆ. ಗೋಡೆಯಲ್ಲಿ ತಲೆಕೆಳಗಾಗಿ ಕುಳಿತ ಶಾಸನವನ್ನು ಓದಬಹುದು. ಕ್ರಷರಿನಿಂದ ಹೊರಬಂದುದನ್ನು ಓದಲಾಗದು. 2016ರ ತ್ಯಾಜ್ಯನಿರ್ವಹಣಾ ನಿಯಮಗಳು ದೊಡ್ಡ ಕೆಡಹುಕಾರರಿಗೆ ವಿಂಗಡಿಸಲು ಹೇಳಿದ ಪಟ್ಟಿಯಲ್ಲಿ ಕಾಂಕ್ರೀಟು, ಮಣ್ಣು, ಉಕ್ಕು, ಮರ, ಪ್ಲಾಸ್ಟಿಕ್, ಇಟ್ಟಿಗೆ, ಗಾರೆಗಳಿದ್ದವು. ಕೆತ್ತಿದ ಕಲ್ಲಿಗೆ ಹೆಸರಿರಲಿಲ್ಲ. ಹಳ್ಳಿಯ ಪೂರ್ವಜರ ಮನೆಯನ್ನು ಹೊರನಾಡಿನಿಂದಲೇ ದೂರವಾಣಿಯಲ್ಲಿ ಮಾತನಾಡಿ ಕೆಡವಿಸುವ ಕನ್ನಡಿಗರು ನಮ್ಮ ಓದುಗರಲ್ಲಿಯೂ ಇದ್ದಾರೆ. ಯಂತ್ರ ಬರುವ ಮೊದಲು ಹೊಸ್ತಿಲನ್ನೂ ಮೆಟ್ಟಿಲನ್ನೂ ಮಗುಚಿ ನೋಡಿಸಬೇಕೆಂದೂ, ಅಕ್ಷರ ಕಂಡಲ್ಲಿ ಛಾಯಾಚಿತ್ರವನ್ನು ಪೀಠಕ್ಕೆ ತಲಪಿಸಬೇಕೆಂದೂ ಕೋರುತ್ತೇವೆ.