ಶೀಲವಂತ–ಲಾವಣ್ಯರ ವಿವಾಹ: ಕಾದಂಬರಿಯ ಪ್ರೇಮ, ಶರಣರ ನಿರ್ಣಯ

ಹಾವೇರಿ ಸೀಮೆಯ ಓದುಗರಿಗೆ ಐತಿಹಾಸಿಕ ಕಾದಂಬರಿಯ ರುಚಿಯನ್ನು ಹತ್ತಿಸಿದವರು ಇದೇ ನೆಲದ ಗಳಗನಾಥರು. 1869ರಲ್ಲಿ ಜನಿಸಿದ ವೆಂಕಟೇಶ ತಿರಕೊ ಕುಲಕರ್ಣಿಯವರು ತಮ್ಮ ಊರಿನ ಹೆಸರಿನಿಂದಲೇ ಪ್ರಸಿದ್ಧರಾಗಿ, ತಾವು ಬರೆದ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿ, ಓದುವ ಮನೆಗಳನ್ನು ಬೆಳೆಸಿದರು. ಆ ಬಳಿಕ ಬಂದ ಐತಿಹಾಸಿಕ ಕಾದಂಬರಿಗಳಲ್ಲಿ ಶರಣಭಕ್ತರ ಮನಸ್ಸಿಗೆ ಬಹಳ ಹತ್ತಿರವಾದುದು ಬಿ. ಪುಟ್ಟಸ್ವಾಮಯ್ಯನವರ ‘ಕ್ರಾಂತಿ ಕಲ್ಯಾಣ’. ಬಸವಣ್ಣನವರ ಕಾಲವನ್ನು ಕುರಿತು ಅವರು ರಚಿಸಿದ ಆರು ಕಾದಂಬರಿಗಳ ಮಾಲೆಗೆ ಸೇರಿದ ಈ ಕೃತಿಗೆ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಭಕ್ತರಲ್ಲಿ ಕಲ್ಯಾಣದ ಕಥೆಯನ್ನು ಪುರಾಣ ಪ್ರವಚನದಲ್ಲಿ ಕೇಳಿದವರೂ ಉಂಟು, ಇಂತಹ ಕಾದಂಬರಿಗಳಲ್ಲಿ ಓದಿ ಕಣ್ಣೀರಿಟ್ಟವರೂ ಉಂಟು.

ಕಥೆಯು ಎಲ್ಲರಿಗೂ ತಿಳಿದಿರುವಂಥದೇ. ಬಿಜ್ಜಳನ ಆಸ್ಥಾನದಲ್ಲಿ ಅಧಿಕಾರಿಯಾಗಿದ್ದ ಬ್ರಾಹ್ಮಣಕುಲದ ಮಧುವರಸರು ಶರಣಧರ್ಮವನ್ನು ಸ್ವೀಕರಿಸಿದವರು. ಪಾದರಕ್ಷೆ ಹೊಲಿಯುವ ಕಾಯಕದ ಹರಳಯ್ಯನವರು, ಅವರ ಪತ್ನಿ ಕಲ್ಯಾಣಮ್ಮನವರು ಅದೇ ಮಾರ್ಗದ ಹಿರಿಯ ಭಕ್ತರು. ಮಧುವರಸರ ಮಗಳು ಲಾವಣ್ಯಳನ್ನು ಹರಳಯ್ಯನವರ ಮಗ ಶೀಲವಂತನಿಗೆ ಕೊಟ್ಟು ವಿವಾಹ ಮಾಡಲಾಯಿತು. ವರ್ಣಸಂಕರವಾಯಿತೆಂಬ ದೂರು ಅರಮನೆಯನ್ನು ಮುಟ್ಟಿತು. ಬೀಗರಿಬ್ಬರ ಕಣ್ಣುಗಳನ್ನು ಕೀಳಿಸಿ, ಆನೆಯ ಕಾಲಿಗೆ ಕಟ್ಟಿಸಿ ಎಳೆಸಲಾಯಿತು. 1167ರ ಸುಮಾರಿಗೆ ಬಿಜ್ಜಳನ ಆಳ್ವಿಕೆ ಮುಗಿಯಿತು. ಶರಣರು ಕಲ್ಯಾಣವನ್ನು ತೊರೆದು ಚೆದುರಿದರು. ಚೆನ್ನಬಸವಣ್ಣನವರು ಐಕ್ಯರಾದ ಉಳವಿಗೆ ಉತ್ತರ ಕರ್ನಾಟಕದ ರೈತರು ಭಾರತ ಹುಣ್ಣಿಮೆಯ ಜಾತ್ರೆಗೆ ಇಂದಿಗೂ ಚಕ್ಕಡಿ ಕಟ್ಟಿಕೊಂಡು ಹೋಗುವುದು ಆ ಚೆದುರುವಿಕೆಯ ನೆನಪಿನಲ್ಲಿಯೇ.

ಕಾದಂಬರಿ, ನಾಟಕ, ಚಲನಚಿತ್ರಗಳ ಕೈಯಲ್ಲಿ ಈ ವಿವಾಹವು ಸಹಜವಾಗಿಯೇ ಪ್ರೇಮಕಥೆಯ ರೂಪವನ್ನು ತಾಳುತ್ತದೆ. ಎರಡು ಎಳೆಯ ಜೀವಗಳು, ನಡುವೆ ನಿಷೇಧದ ಗೋಡೆ, ಕೊನೆಗೆ ರಕ್ತಪಾತ: ಓದುಗನ ಹೃದಯವನ್ನು ಹಿಡಿಯಲು ಇಷ್ಟು ಸಾಕು. ಆದರೆ ಹಳೆಯ ಆಕರಗಳಲ್ಲಿ ಇದು ಹಾಗೆ ಇಲ್ಲ. ಹರಿಹರ ಕವಿಯ ‘ಬಸವರಾಜದೇವರ ರಗಳೆ’ಯ ದೊರೆತಿರುವ ಭಾಗದಲ್ಲಿ ಈ ವಿವಾಹದ ಪ್ರಸ್ತಾಪವೇ ಬರುವುದಿಲ್ಲ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ, 1369ರಲ್ಲಿ ಅದನ್ನು ಕನ್ನಡಕ್ಕೆ ತಂದ ಭೀಮಕವಿಯ ಕೃತಿ, ಇವುಗಳಲ್ಲಿ ಇಬ್ಬರು ಶರಣರ ಕಣ್ಣು ಕೀಳಿಸಿದ ಘೋರಕೃತ್ಯವೇ ಪ್ರಧಾನವಾದುದು. ವಿವಾಹದ ವೃತ್ತಾಂತವು ವಿಸ್ತಾರಗೊಂಡುದು ಅನಂತರದ ಪುರಾಣಗಳಲ್ಲಿ. ಅಲ್ಲಿಯೂ ನಿರ್ಣಯವು ತಂದೆತಾಯಿಗಳದು, ಸಮ್ಮತಿಯು ಶರಣಸಮೂಹದ್ದು. ಯುವಕ ಯುವತಿಯರ ಅನುರಾಗಕ್ಕೆ ದೊರೆತಿರುವ ಎಡೆ ಅತ್ಯಲ್ಪ. ಅದನ್ನು ತುಂಬಿಕೊಟ್ಟವರು ಆಧುನಿಕ ಲೇಖಕರು.

ಬಿಜ್ಜಳನ ವಿಷಯದಲ್ಲಿಯೂ ಕಲ್ಲು ಬೇರೊಂದು ಮಾತನ್ನು ಹೇಳುತ್ತದೆ. ಹಾವೇರಿ ಜಿಲ್ಲೆಯದೇ ಆದ ಅಬ್ಬಲೂರಿನ ಸೋಮೇಶ್ವರ ದೇವಾಲಯದಲ್ಲಿ ಸುಮಾರು 1200ರ ಶಾಸನವೊಂದಿದೆ. ಏಕಾಂತದ ರಾಮಯ್ಯನವರು ಜೈನರೊಡನೆ ಪಂಥಕಟ್ಟಿ ಶಿರವನ್ನರಿದು ಮರಳಿ ಪಡೆದ ಪವಾಡವನ್ನು ಹೇಳುವ ಆ ಶಾಸನವು, ಅವರಿಗೆ ಜಯಪತ್ರವನ್ನು ಕೊಟ್ಟು ಗೌರವಿಸಿದವನು ಬಿಜ್ಜಳನೇ ಎಂದು ಸಾರುತ್ತದೆ. ಶಿವಭಕ್ತಿಯನ್ನು ಮನ್ನಿಸಬಲ್ಲವನಾಗಿದ್ದ ದೊರೆಯು ಒಂದು ಮದುವೆಯನ್ನು ಮನ್ನಿಸಲಾರದೆ ಹೋದನೆಂದರೆ, ಅವನನ್ನು ರಾಕ್ಷಸನೆಂದು ಬಗೆದು ಸುಮ್ಮನಾಗುವಂತಿಲ್ಲ. ದೇವರನ್ನು ಬದಲಿಸಿಕೊಳ್ಳುವುದನ್ನು ಸಮಾಜವು ಸಹಿಸುತ್ತದೆ. ಬೀಗತನವನ್ನು ಬದಲಿಸಿಕೊಳ್ಳುವುದನ್ನು ಸಹಿಸುವುದಿಲ್ಲ. ಮನೆತನ, ಆಸ್ತಿ, ಅಡುಗೆಮನೆ, ಮುಂದಿನ ಪೀಳಿಗೆ ಇವೆಲ್ಲವೂ ಮದುವೆಗೆ ಅಂಟಿಕೊಂಡಿರುವುದೇ ಇದಕ್ಕೆ ಕಾರಣ.

ಇನ್ನು ಶರಣರ ಲೆಕ್ಕದಲ್ಲಿ ಇದು ನಿಷಿದ್ಧ ವಿವಾಹವೇ ಆಗಿರಲಿಲ್ಲ. ಇಷ್ಟಲಿಂಗವು ಅಂಗದ ಮೇಲೆ ನೆಲೆಗೊಂಡ ಮೇಲೆ ಪೂರ್ವದ ಜಾತಿಯು ಅಳಿಯುತ್ತದೆ. ಅಳಿದ ಜಾತಿಯನ್ನು ಬೆದಕುವವನೇ ಭಕ್ತಿಹೀನ ಎಂಬುದು ವಚನಗಳಲ್ಲಿ ಮತ್ತೆ ಮತ್ತೆ ಬರುವ ನಿಲವು. ಬಸವಣ್ಣನವರು ತಮ್ಮನ್ನು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯಗಳ ಮನೆಯವನೆಂದು ಕರೆದುಕೊಂಡುದು ವಿನಯದ ಅಲಂಕಾರವೆಂದು ಕೆಲವರು ಭಾವಿಸಬಹುದು. ಹರಳಯ್ಯ ಮಧುವರಸರು ಮಾತ್ರ ಆ ಮಾತನ್ನು ಅಕ್ಷರಶಃ ನಂಬಿದರು. ಇಬ್ಬರು ಭಕ್ತರು ಬೀಗರಾದರು, ಅಷ್ಟೇ. ‘ಅಂತರ್ಜಾತಿ’ ಎಂಬ ಪದವು ಅರಮನೆಯ ಕಡೆಯಿಂದ ನೋಡಿದಾಗ ಮಾತ್ರ ಅನ್ವಯಿಸುತ್ತದೆ.

ಇದನ್ನು ಕೇವಲ ಪ್ರೇಮಕಥೆಯನ್ನಾಗಿ ಓದಿದರೆ ಆಗುವ ನಷ್ಟ ಇಲ್ಲಿದೆ. ಹರೆಯದ ಮೋಹಕ್ಕೆ ಎಲ್ಲ ಕಾಲದಲ್ಲಿಯೂ ಕ್ಷಮೆ ದೊರೆಯುತ್ತದೆ. ತಲೆ ನರೆತ ಇಬ್ಬರು ಗೃಹಸ್ಥರು, ಒಬ್ಬನು ಅಧಿಕಾರವನ್ನು ಬಲ್ಲವನು, ಇನ್ನೊಬ್ಬನು ಅಪಮಾನವನ್ನು ಬಲ್ಲವನು, ಪರಿಣಾಮವನ್ನರಿತೂ ಶಾಂತಚಿತ್ತದಿಂದ ಮಕ್ಕಳ ಕೈ ಹಿಡಿಸಿದರೆಂಬುದು ಅದಕ್ಕಿಂತ ಬಹಳ ಕಠಿಣವಾದ ಸಂಗತಿ.

ರಾಣೆಬೆನ್ನೂರು ತಾಲೂಕಿನ ಚೌಡಯ್ಯದಾನಪುರದಲ್ಲಿ, ತುಂಗಭದ್ರೆಯ ದಡದಲ್ಲಿ, ಅದೇ ಕಾಲದ ಇನ್ನೊಬ್ಬ ಶರಣರ ಗದ್ದುಗೆಯಿದೆ. ಅಂಬಿಗರ ಚೌಡಯ್ಯನವರು ಇಷ್ಟದೈವದ ಹೆಸರನ್ನು ಅಂಕಿತವನ್ನಾಗಿಸಿಕೊಳ್ಳದೆ, ಕಾಯಕಸಹಿತವಾದ ತಮ್ಮ ಹೆಸರನ್ನೇ ವಚನದ ಕೊನೆಗೆ ನಿಲ್ಲಿಸಿದರು. ಕುಲದ ಹೆಮ್ಮೆಯವರನ್ನು ಅವರು ಬೈದಷ್ಟು ಬಿರುಸಾಗಿ ಬೈದವರು ವಿರಳ. ಆ ನದಿಯ ಆಸುಪಾಸಿನ ಊರುಗಳಲ್ಲಿಯೇ ಇಂದು ವಧೂವರರ ಪರಿಚಯಪತ್ರದಲ್ಲಿ ‘ಒಳಪಂಗಡ’ ಎಂಬ ಸಾಲು ತಪ್ಪುವುದಿಲ್ಲ. ಪಂಚಮಸಾಲಿ, ಬಣಜಿಗ, ಸಾದರ, ಗಾಣಿಗ, ಜಂಗಮ: ಎಲ್ಲರ ಕೊರಳಲ್ಲಿಯೂ ಇರುವುದು ಒಂದೇ ಲಿಂಗ, ಆದರೂ ಮಾತುಕತೆಯು ಆ ಸಾಲಿನಲ್ಲಿಯೇ ನಿಂತುಬಿಡುತ್ತದೆ. ಹರಳಯ್ಯನವರ ಜಯಂತಿಯಂತೂ ಬಹುಮಟ್ಟಿಗೆ ಸಮಗಾರ ಬಂಧುಗಳ ಪಾಲಿಗೇ ಉಳಿದಿದೆ. ಕಾದಂಬರಿಯಲ್ಲಿ ಲಾವಣ್ಯಳಿಗಾಗಿ ಮರುಗುವ ಮನೆಯವರೇ ತಮ್ಮ ಮಗಳ ಸಂಬಂಧ ಹುಡುಕುವಾಗ ಮೊದಲು ಕೇಳುವ ಪ್ರಶ್ನೆ ಯಾವುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ವಧುವಿನ ಹೆಸರು ಕೂಡ ಒಂದೇ ಆಗಿ ಉಳಿದಿಲ್ಲ. ಒಂದು ಪರಂಪರೆಯು ಅವಳನ್ನು ಲಾವಣ್ಯವತಿ ಎನ್ನುತ್ತದೆ. ಗಿರೀಶ ಕಾರ್ನಾಡರ 1990ರ ನಾಟಕ ‘ತಲೆದಂಡ’ದಲ್ಲಿ ಅವಳು ಕಲಾವತಿ. ಮೂವತ್ತಕ್ಕೂ ಹೆಚ್ಚು ಶರಣೆಯರ ವಚನಗಳು ಸಂಪುಟಗಳಲ್ಲಿ ದೊರೆಯುತ್ತವೆ. ಯಾರ ಮದುವೆಯಿಂದ ಕಲ್ಯಾಣವು ಅಲುಗಾಡಿತೋ ಅವಳ ಹೆಸರಿನಲ್ಲಿ ಒಂದು ವಚನವೂ ಇಲ್ಲ.