ತುಂಗಭದ್ರೆಯ ಹರಿಗೋಲು

ಕೂಡಲಿಯಲ್ಲಿ ಸಂಗಮಿಸಿದ ತುಂಗೆ ಭದ್ರೆಗಳು ಒಂದೇ ನದಿಯಾಗಿ ಹೊನ್ನಾಳಿಯನ್ನು ಹಾಯ್ದು ಹರಿಹರಕ್ಕೆ ಸಾಗುತ್ತವೆ. ಸೇತುವೆಗಳಿಲ್ಲದ ಕಾಲದಲ್ಲಿ ಈ ನದಿಯ ಎರಡು ದಡಗಳನ್ನು ಬೆಸೆದುದು ಹರಿಗೋಲು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು, ಇದೇ ನದಿಯ ಕೆಳಹರಿವಿನಲ್ಲಿ, ಬುಟ್ಟಿಯಂತೆ ದುಂಡಗಿದ್ದು ತೊಗಲು ಹೊದಿಸಿದ ದೋಣಿಗಳು 15–20 ಜನರನ್ನು ಒಯ್ಯುತ್ತಿದ್ದುವೆಂದೂ, ನೆಟ್ಟಗೆ ಸಾಗದೆ ಸುತ್ತುತ್ತಲೇ ಮುಂದುವರಿಯುತ್ತಿದ್ದುವೆಂದೂ ಬರೆದಿದ್ದಾನೆ.

ಇಲ್ಲಿ ನಾವು ಗಮನಿಸಬೇಕಾದುದು ದೋಣಿಯನ್ನಷ್ಟೇ ಅಲ್ಲ. ಬಿದಿರನ್ನು ಸೀಳಿ ಹೆಣೆಯುವ ಕೈ ಒಂದು, ತೊಗಲನ್ನು ಹದಮಾಡಿ ಹೊದಿಸುವ ಕೈ ಇನ್ನೊಂದು, ಹುಟ್ಟು ಹಾಕುವ ಕೈ ಮತ್ತೊಂದು. ಮೂರೂ ಕೂಡಿದಲ್ಲದೆ ಹರಿಗೋಲು ಹೊಳೆ ದಾಟದು. ಅರಸರ, ದಾನಿಗಳ ಹೆಸರನ್ನು ಹೇಳುವಷ್ಟು ಶಾಸನಗಳು ಈ ಕಸುಬಿನವರ ಹೆಸರನ್ನು ಹೇಳುವುದಿಲ್ಲ. ಆದುದರಿಂದ ಹೊಳೆಸಾಲಿನ ಊರುಗಳಲ್ಲಿ ಹೆಣಿಗೆಯ ಪದಗಳನ್ನೂ ಅಳತೆಗಳನ್ನೂ ಬಲ್ಲವರನ್ನು ಅರಸಿ, ಅವರ ಮಾತನ್ನು ಬರೆದಿಡುವುದು ಶಾಸನಶೋಧನೆಯಷ್ಟೇ ಅಗತ್ಯವಾದ ಕಾರ್ಯವೆಂದು ನಾವು ಭಾವಿಸುತ್ತೇವೆ.